ಮೇರಿಯಮ್ಮನ ಬಣ್ಣ ಹೇಳುವವನು

ಗಾಸ್ಪೆರೊನ ತಾತ ಒರೆಸ್ತೆ ಪ್ಲಾಸ್ಟರಿನ ಸಂತರನ್ನು ತಲೆಯ ಮೇಲೆ ಹೊತ್ತು ಆಲ್ಪ್ಸ್ ದಾಟಿ ಮಾರಿ ಬಂದವನು. ಅಪ್ಪ ಚೆಕ್ಕೊ ಮರದಚ್ಚಿನ ದೇವರ ಪಟಗಳನ್ನು ಸಂತೆ ಸಂತೆಗೂ ಹೊತ್ತವನು. ಗಾಸ್ಪೆರೊ ಹೊರುವುದು ಫ್ಲಾರೆನ್ಸಿನ ಗ್ಯಾಲರಿಯ ವರ್ಣಚಿತ್ರಗಳ ಫೋಟೋಗಳನ್ನು. ಹೊಸದಾಗಿ ಬಂದ ಈ ಫೋಟೋ ಎಂಬುದು ಬಣ್ಣದ ವಿಷಯದಲ್ಲಿ ಶುದ್ಧ ಸುಳ್ಳುಗಾರ: ನೀಲಿಯನ್ನು ಬೆಳ್ಳಗೆ ತೋರಿಸುತ್ತದೆ, ಕೆಂಪನ್ನು ಕಪ್ಪಗೆ. ಅದಕ್ಕೇ ಬೆಟ್ಟದೂರುಗಳ ಹೊಸ್ತಿಲು ಹೊಸ್ತಿಲಲ್ಲೂ ಅವನು ಪಟದ ಜೊತೆ ಬಣ್ಣವನ್ನು ಬಾಯಲ್ಲಿ ಕೊಡುತ್ತಾನೆ. "ಮೇರಿಯಮ್ಮನಿಗೆ ಯಾಕಯ್ಯ ಕರೀ ಲಂಗ, ಅವರ ಮನೇಲಿ ಯಾರು ಸತ್ರು?" ಎಂದು ಕುರಿ ಸಾಕುವ ಝೆಲಿಂದಾ ಕೆಣಕಿದರೆ, "ಕರಿಯಲ್ಲ ಕಣವ್ವ, ನಿನ್ನ ಪೀಪಾಯಿ ತಳದ ದ್ರಾಕ್ಷಾರಸದ ಕೆಂಪು. ಈ ಬಿಳೀ ಹೊದಿಕೆ ಇದೆಯಲ್ಲ, ಅದು ಅಗಸೆ ಹೂವಿನ ನೀಲಿ" ಎನ್ನುತ್ತಾನೆ. ಒಂದು ನೀಲಿಗೆ ಅರ್ಧ ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಒಲೆಯ ಮೇಲಿನ ಮುಸುಕಿನ ಜೋಳದ ಗಂಜಿ ಸೀದು ಅವನಿಗೆ ಬೈಗುಳ ಬೀಳುತ್ತದೆ, ಪಟ ಮಾತ್ರ ಗೋಡೆಗೇರುತ್ತದೆ. ಪ್ರತಿ ವಸಂತದಲ್ಲೂ ಮೂರು ದಿನ ನಡೆದು ಗ್ಯಾಲರಿಗೆ ಹೋಗಿ, ಮೂಲಚಿತ್ರಗಳ ಮುಂದೆ ನಿಂತು ಬಣ್ಣಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಅವನ ವ್ರತ. ಈ ಸಲ ಅಲ್ಲಿ ಹೋಗಿ ನಿಂತರೆ, ಕಣ್ಣಿಗೆ ಪೊರೆ ಬಂದು ನೀಲಿಯೂ ಮಂಜು, ಕೆಂಪೂ ಮಂಜು. ಅವನು ಬಾಯಿ ಮುಚ್ಚಿದರೆ ಬೆಟ್ಟದವರ ಪಾಲಿಗೆ ಮೇರಿಯಮ್ಮ ಕರೀ ಲಂಗದಲ್ಲೇ ಉಳಿದುಬಿಡುತ್ತಾಳೆ. ಗ್ಯಾಲರಿಯ ಚಿತ್ರಗಳ ಫೋಟೋ ತೆಗೆಯುವ ಇಲಾರಿಯೊ ಮರುಗಿ, "ಅಜ್ಜ, ಪಟಗಳಿಗೆ ನಾನೇ ಬಣ್ಣ ಹಚ್ಚಿಕೊಡ್ತೀನಿ, ನೀನು ಗಂಟಲು ನೋಯಿಸ್ಕೋಬೇಡ" ಅಂದ. ಗಾಸ್ಪೆರೊನ ಮಾತು ನಂಬದೆ, ನೋಡಿಯೇ ಬಿಡೋಣವೆಂದು ಅವನ ಹಿಂದೆಯೇ ನಡೆದು ಬಂದಿದ್ದ ಬೆಟ್ಟದ ಮೂವರು ಹೆಂಗಸರು ಆಗ ಮೂಲಚಿತ್ರದ ಆ ನೀಲಿ ಹೊದಿಕೆಯ ಮುಂದೆ ಕತ್ತು ಚಾಚಿ ನಿಂತಿದ್ದರು. ಅವರು ನಿಂತ ಕಡೆಗೆ ಮುಖ ತಿರುಗಿಸಿ ಮುದುಕ ಹೇಳಿದ: "ಬೇಡ ತಮ್ಮ. ನೀನು ಬಣ್ಣ ಹಚ್ಚಿಬಿಟ್ರೆ ಜನ ಮನೇಲೇ ಕೂತ್ಕೋತಾರೆ. ನಾನು ಹೇಳಿದ್ರೆ ಯಾರೂ ನಂಬಲ್ಲ, ನೋಡೋಕೆ ಇಲ್ಲಿಗೇ ಬರ್ತಾರೆ."