ರೇಷ್ಮೆ ಗೂಡಿನಲ್ಲಿ ಗಗನಯಾತ್ರಿ

ರಾಕೆಟ್ಟುಗಳ ಬಗ್ಗೆ ಮಕ್ಕಳಿಗೊಂದು ಪುಸ್ತಕ ಬರೆದ ತಪ್ಪಿಗೆ, ಕಳೆದ ವಾರ ಬೆಂಗಳೂರು ಕಡೆಯ ರೇಷ್ಮೆ ಊರು ವಿಜಯಪುರದ ಶಾಲೆಯೊಂದರಲ್ಲಿ ಭಾಷಣ ಮಾಡಬೇಕಾಯಿತು.

"ಯಾರ್ಯಾರು ಬಾಹ್ಯಾಕಾಶಕ್ಕೆ ಹೋಗ್ತೀರಿ?" ಅಂದೆ. ಇಡೀ ಐದನೇ ಕ್ಲಾಸು ಕೈ ಎತ್ತಿತು. ಮುಂದಿನ ಬೆಂಚಿನ ಚಂದನಾ ಎರಡೂ ಕೈ ಎತ್ತಿದ್ದಳು. ನಾನು ಉಬ್ಬಿಹೋದೆ.

ಉಬ್ಬಿದವನು ಸುಮ್ಮನಿರಬೇಕಲ್ಲ? ಊರಿಗೆ ತಕ್ಕ ಹೋಲಿಕೆ ಕೊಡುವ ಚಪಲ. (ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದನ್ನೇ ಹೊಸೆದಿದ್ದೆ.)

"ನೌಕೆ ಅಂದ್ರೆ ರೇಷ್ಮೆ ಗೂಡಿದ್ದ ಹಾಗೆ ಮಕ್ಕಳೇ. ಒಳಗೆ ಹುಳ ಇರುತ್ತಲ್ಲ, ಹಾಗೇ ಗಗನಯಾತ್ರಿ ಕೂತಿರ್ತಾರೆ. ಭೂಮಿಗೆ ವಾಪಸ್ ಬರುವಾಗ, ಗಾಳಿ ಸೀಳ್ಕೊಂಡು ಬರೋ ರಭಸಕ್ಕೆ ಹೊರಗೆಲ್ಲ ಕೆಂಡದಂಥ ಬಿಸಿ..."

ಕೈಗಳು ಒಂದೊಂದಾಗಿ ಇಳಿದವು.

ಅಲ್ಲಿನ ಅರ್ಧಕ್ಕರ್ಧ ಮಕ್ಕಳ ಮನೆಯಲ್ಲಿ ಗೂಡಿನಿಂದ ನೂಲು ತೆಗೆಯುವುದೇ ಕಸುಬು. ಒಳಗಿನ ಹುಳದ ಗತಿ ಏನಾಗುತ್ತದೆ ಅಂತ ಅವರಿಗೆ ನಾನು ಹೇಳಬೇಕೆ?

"ಗೂಡು ಬೇಯಿಸ್ತಾರೆ ಸಾರ್. ಹುಳ ಸತ್ತೋಗುತ್ತೆ," ಅಂದಳು ಚಂದನಾ.

"ಅದಕ್ಕೆ ಮುಂಚೆ ಹೊರಗೆ ಬರೋಕೆ ಬಿಡಬಾರದಾ?" ನನ್ನ ಜಾಣತನ ನೋಡಿ.

"ಬಂದ್ರೆ ಗೂಡು ತೂತಾಗುತ್ತೆ. ಸರಿಯಾಗಿ ನೂಲು ಬರಲ್ಲ. ನಮ್ಮಮ್ಮ ಅಂಥವನ್ನ ಆರಿಸಿ ಆಚೆಗೆ ಹಾಕ್ತಾರೆ." ಆಮೇಲೆ ತಣ್ಣಗೆ ಸೇರಿಸಿದಳು: "ನಾನ್ ಹೋಗಲ್ಲ ಸಾರ್."

ಮೇಷ್ಟ್ರಿಗೆ ಮುಜುಗರ. "ಏಯ್, ಸಾರು ಅಷ್ಟ್ ದೂರದಿಂದ ಬಂದವ್ರೆ. ಹೋಗ್ತೀನಿ ಅನ್ನಮ್ಮ."

ನನ್ನ ಬಸ್ ಚಾರ್ಜಿಗೋಸ್ಕರ ಅವಳು ಅಂತರಿಕ್ಷಕ್ಕೆ ಹೋಗಬೇಕೇ? ಕೆಡಿಸಿದವನೇ ಸರಿಮಾಡಬೇಕು.

"ಅಲ್ಲಿ ಲೆಕ್ಕ ಉಲ್ಟಾ ಕಣಮ್ಮ. ನೌಕೆ ತಳಕ್ಕೆ ದಪ್ಪನೆಯ ಕವಚ ಹಾಕಿರ್ತಾರೆ. ಬಿಸಿಯೆಲ್ಲ ಅದಕ್ಕೇ. ಅದು ಸುಟ್ಟು ಕರಕಲಾದ್ರೂ ಒಳಗೆ ತಣ್ಣಗಿರುತ್ತೆ. ಕೊನೆಗೆ ದೊಡ್ಡ ಪ್ಯಾರಾಚೂಟ್ ಬಿಚ್ಚಿಕೊಂಡು ನಿಧಾನಕ್ಕೆ ಇಳಿಯುತ್ತೆ. ಗೂಡು ಹಾಳಾದ್ರೂ ಪರವಾಗಿಲ್ಲ, ಒಳಗಿರೋರು ಬದುಕಿ ಬರಬೇಕು."

ಅವಳು ಯೋಚಿಸಿದಳು. "ಇಳಿದ್ಮೇಲೆ ಬಾಗ್ಲು ಒಳಗಿಂದ ತೆಗೀಬೋದಾ?"

"ತೆಗೀಬಹುದು."

ಕೈ ಮೇಲೆ ಹೋಯಿತು. ಈ ಸಲ ಒಂದೇ. (ಪೂರ್ತಿ ನಂಬಿರಲಿಲ್ಲ. ಜಾಣೆ.) ಅಷ್ಟಕ್ಕೇ ನನಗೆ ಹೋದ ಜೀವ ಬಂದಂತಾಯಿತು.

ಗೇಟಿನವರೆಗೆ ಬಂದ ಮೇಷ್ಟ್ರು ಹೆಮ್ಮೆಯಿಂದ ಹೇಳಿದರು: "ಚುರುಕು ಹುಡುಗಿ ಸಾರ್. ಮುಂದಿನ ವರ್ಷ ಅವರಪ್ಪ ಹಾಸ್ಟೆಲ್ ಇರೋ ಸ್ಕೂಲಿಗೆ ಹಾಕ್ತಾರಂತೆ. ಭಾರೀ ಸ್ಟ್ರಿಕ್ಟು. ಮಕ್ಕಳನ್ನ ಆಚೆಗೇ ಬಿಡಲ್ಲ, ಅದಕ್ಕೇ ರಿಸಲ್ಟ್ ಬರುತ್ತೆ."

ಅಲ್ಲಿಯ ಬಾಗಿಲು ಯಾವ ಕಡೆಯಿಂದ ತೆಗೆಯುತ್ತದೆ ಎಂದು ಚಂದನಾ ಕೇಳಿದ್ದಾಳೋ, ಇಲ್ಲವೋ?