ಕಲ್ಲುಗಣಿಯ ತಳದ ಬೈಕು

ಸಾಜಾವಾ ನದಿಯ ದಂಡೆಯಲ್ಲಿದ್ದ ನಮ್ಮ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ಬ್ಲಾಜೆನಾ ಮತ್ತು ನಾನು ಒಂದೇ ಬೆಂಚಿನ ಮೇಲೆ ಕೂತು ಕೆಲಸ ಮಾಡಿದವರು. ಪೆಟ್ರೋಲ್ ಟ್ಯಾಂಕುಗಳ ಮೇಲೆ ಕೈಯಿಂದಲೇ ಬಂಗಾರದ ಗೆರೆ ಎಳೆಯುವುದು ನಮ್ಮ ಕೆಲಸ. ನನ್ನ ಗೆರೆ ಸೊಟ್ಟಗಾದರೆ ಅವಳು, "ಏನೇ ವ್ಲಾಸ್ತಾ, ಬೆಳಿಗ್ಗೇನೇ ಬಿಯರ್ ಏರಿಸಿದ್ಯಾ?" ಎಂದು ಕಿಚಾಯಿಸುತ್ತಿದ್ದಳು.

ಜರ್ಮನ್ನರು ನಮ್ಮನ್ನು ಆಳುತ್ತಿದ್ದ ಕಾಲದಲ್ಲಿ ಬೈಕು ಮಾಡುವಂತಿರಲಿಲ್ಲ. ಅವರ ಸೈನ್ಯಕ್ಕೆ ಬೇಕಾದ ಯಂತ್ರಗಳನ್ನಷ್ಟೇ ಮಾಡಬೇಕು. ಆದರೂ ನಮ್ಮವರು ಕೆಲವರು ಕದ್ದುಮುಚ್ಚಿ ಹೊಸ ಬೈಕೊಂದನ್ನು ಕಟ್ಟಿದರು. ದಾರಿಯಲ್ಲಿ ಯಾರಾದರೂ ತಡೆದರೆ ಅನುಮಾನ ಬಾರದಿರಲಿ ಎಂದು ಅದರ ಟ್ಯಾಂಕಿನ ಮೇಲೆ ಬ್ಲಾಜೆನಾ ಒಂದು ಜರ್ಮನ್ ಕಂಪನಿಯ ಹೆಸರು ಬರೆದಳು. ಅದನ್ನು ಓಡಿಸಿ ನೋಡುವವನು ಓತಾಕರ್. ಅವನಿಗೂ ಅವಳಿಗೂ ಮದುವೆ ನಿಶ್ಚಯವಾಗಿತ್ತು.

ನವೆಂಬರಿನ ಒಂದು ಭಾನುವಾರ, ಮಂಜಿನಲ್ಲಿ ಕಾಡಿನ ದಾರಿ ಹಿಡಿದ ಓತಾಕರ್ ತಿರುಗಿ ಬರಲಿಲ್ಲ. ಬೈಕೂ ಸಿಗಲಿಲ್ಲ. ಹುಡುಕಹೊರಟರೆ ಗುಟ್ಟು ರಟ್ಟಾಗಿ ಇನ್ನಷ್ಟು ಜನರ ತಲೆ ಹೋಗುತ್ತಿತ್ತು. ಜರ್ಮನ್ನರ ಕೈಗೆ ಸಿಕ್ಕಿಬಿದ್ದಿರಬೇಕೆಂದು ಎಲ್ಲರೂ ಬಾಯಿ ಮುಚ್ಚಿಕೊಂಡರು.

ಯುದ್ಧ ಮುಗಿದ ಮೇಲೆ ಅದೇ ಮಾದರಿಯ ಬೈಕು ಕಾರ್ಖಾನೆಯ ಅದೃಷ್ಟವನ್ನೇ ಬದಲಿಸಿತು. ಪೆಟ್ಟಿಗೆಗಳಲ್ಲಿ ಹಿಂದೂಸ್ತಾನದವರೆಗೂ ಹೋಯಿತು. ಆದರೆ ಮಂಜು ಕವಿದ ದಿನಗಳಲ್ಲಿ ಕಾಡಿನ ಕಡೆಯಿಂದ ಒಂದು ಸದ್ದು ಕೇಳಿಸುತ್ತಿತ್ತು. ಆ ಮೊದಲ ಬೈಕಿನ ಸೈಲೆನ್ಸರನ್ನು ಕೈಯಲ್ಲೇ ತಗಡು ಬಡಿದು ಮಾಡಿದ್ದರಿಂದ ಎಂಜಿನ್ನು ಗುಡುಗುಡು ಎನ್ನುತ್ತಾ ನಡುನಡುವೆ ಕೆಮ್ಮುತ್ತಿತ್ತು. ಕಾಡಿನ ಆ ಸದ್ದೂ ಹಾಗೆಯೇ ಕೆಮ್ಮುತ್ತಿತ್ತು. ನಾವು ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮೇಸ್ತ್ರಿ ಎದ್ದು ಹೋಗಿ ರೇಡಿಯೋ ಜೋರು ಮಾಡುತ್ತಿದ್ದ.

ಒಂದು ಮಧ್ಯಾಹ್ನ ಬ್ಲಾಜೆನಾ ಕುಂಚ ಕೆಳಗಿಟ್ಟಳು.

"ನಡಿಯೇ, ಹೋಗೋಣ."

"ಎಲ್ಲಿಗೆ? ಹುಚ್ಚು ಹಿಡೀತಾ ನಿಂಗೆ?"

"ಹಿಡಿದ್ರೆ ಹಿಡೀಲಿ. ಒಬ್ಳೇ ಹೋಗೋಕೆ ಭಯ ಕಣೇ."

ಕಾಡಿನಲ್ಲಿ ಆ ಸದ್ದು ನಮ್ಮ ನಡಿಗೆಯ ವೇಗದಲ್ಲೇ ಮುಂದೆ ಮುಂದೆ ಹೋಗುತ್ತಿತ್ತು. ನಾವು ನಿಂತರೆ ಅದೂ ಒಂದೇ ಕಡೆ ನಿಂತು ಗುರುಗುಟ್ಟುತ್ತಿತ್ತು. ಒದ್ದೆ ಪಾಚಿಯ ಮೇಲೆ ಚಕ್ರದ ಗುರುತೇ ಇರಲಿಲ್ಲ. ನೀರು ತುಂಬಿದ ಹಳೆಯ ಕಲ್ಲುಗಣಿಯ ಅಂಚಿಗೆ ಬಂದಾಗ ಸದ್ದು ನಮ್ಮ ಪಾದದಡಿಗೆ ಇಳಿಯಿತು, ನೀರಿನ ಒಳಗೆ ಇನ್ನಷ್ಟು ಹೊತ್ತು ಗುಡುಗುಟ್ಟಿ ನಿಂತಿತು. ನೀರು ಮಾತ್ರ ಒಂದಿಷ್ಟೂ ಅಲುಗಲಿಲ್ಲ.

ಓತಾಕರ್ ಕಾಣೆಯಾದ ಹಿಂದಿನ ದಿನವೇ ಆ ಗಣಿಯನ್ನು ಮುಚ್ಚಿ, ನೀರೆತ್ತುವ ಪಂಪುಗಳನ್ನು ನಿಲ್ಲಿಸಿದ್ದರು. ಅದು ಅವಳಿಗೆ ಆಗ ನೆನಪಾಯಿತು. ಅಲ್ಲಿಂದ ನೇರವಾಗಿ ಊರಿನ ಅಗ್ನಿಶಾಮಕ ದಳದ ಮುಖಂಡ ಪ್ರೋಕೊಪ್‌ನ ಬಳಿ ಹೋದಳು. ಅವನು ಹೆಂಡತಿ ತೀರಿಕೊಂಡ ಒಂಟಿ ಮನುಷ್ಯ.

"ಅಷ್ಟು ನೀರು ಖಾಲಿ ಮಾಡೋಕೆ ನಾನೇನು ಆನೆ ಸಾಕಿದ್ದೀನೇನಮ್ಮಾ?" ಎಂದು ನಕ್ಕ. ಅವಳು ನಗಲಿಲ್ಲ. ಅವನು ಟೊಪ್ಪಿಗೆ ತೆಗೆದು ಮೆಲ್ಲಗೆ, "ಆ ಸದ್ದು ನಾನೂ ಕೇಳಿದ್ದೀನಿ," ಎಂದ.

ದಳದವರು ಪಂಪು ಹಚ್ಚಿದರು. ನೀರು ಇಳಿದಾಗ ಗಣಿಯ ತಳದ ಕೆಸರಿನಲ್ಲಿ ಬೈಕು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು, ಈಗಷ್ಟೇ ಯಾರೋ ನಿಲ್ಲಿಸಿ ಹೋದಂತೆ. ಅದರ ಹಿಂದೆ, ಬಂಡೆ ಕೊರೆದು ಮಾಡಿದ್ದ ಸಿಡಿಮದ್ದಿನ ಕೋಣೆ. ಅದರ ಕಬ್ಬಿಣದ ಬಾಗಿಲಿಗೆ ತಾನಾಗಿ ಬೀಳುವ ಚಿಲಕವಿತ್ತು. ಒಳಗಿನಿಂದ ತೆಗೆಯಲು ಬಾರದು. ಸೈನಿಕರ ಗಾಡಿಯ ಸದ್ದು ಕೇಳಿ ಓತಾಕರ್ ಅಲ್ಲಿ ಅಡಗಿರಬೇಕು. ಬೈಕಿಗೆ ಜರ್ಮನ್ ಹೆಸರಿತ್ತು, ಅವನಿಗಿರಲಿಲ್ಲ. ಒಳಗೆ ಮೂಳೆಗಳ ಮೇಲೆ ಚರ್ಮದ ಕೋಟು ಹಾಗೇ ಉಳಿದಿತ್ತು.

ಹಗ್ಗ ಕಟ್ಟಲು ಎಂಜಿನ್ನು ಮುಟ್ಟಿದ ಪ್ರೋಕೊಪ್ ಥಟ್ಟನೆ ಕೈ ಹಿಂದೆಗೆದ. ಬ್ಲಾಜೆನಾ ಅಂಗೈ ಇಟ್ಟು ಬಹಳ ಹೊತ್ತು ನಿಂತಳು.

"ಬೆಚ್ಚಗಿದೆ," ಎಂದಳು.

ನಾನೂ ಮುಟ್ಟಿದೆ. ಬೆಚ್ಚಗಿತ್ತು.

ಓತಾಕರನನ್ನು ಇಗರ್ಜಿಯ ಪಕ್ಕ ಮಣ್ಣು ಮಾಡಿದೆವು. ಅವಳು ಅಲ್ಲಿ ಅಳಲಿಲ್ಲ. ಮನೆಗೆ ಬಂದು ನನ್ನ ಅಡುಗೆಮನೆಯಲ್ಲಿ ಸೂಪಿನ ತಟ್ಟೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಮರುವರ್ಷ ಪ್ರೋಕೊಪ್‌ನನ್ನು ಮದುವೆಯಾದಳು. ಇಬ್ಬರು ಹೆಣ್ಣುಮಕ್ಕಳಾದರು.

ಗಣಿಯಲ್ಲಿ ಮತ್ತೆ ನೀರು ತುಂಬಿತು. ಬೇಸಿಗೆಯಲ್ಲಿ ಊರಿನ ಮಕ್ಕಳೆಲ್ಲ ಅಲ್ಲೇ ಈಜುತ್ತಾರೆ. ಬ್ಲಾಜೆನಾ ತನ್ನ ಮಕ್ಕಳನ್ನು ಯಾವತ್ತೂ ತಡೆದವಳಲ್ಲ. ದಡದಲ್ಲಿ ಅವರ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು, ಇಬ್ಬರೂ ಮೇಲೆ ಬರುವವರೆಗೆ ಕೂತಿರುತ್ತಿದ್ದಳು.