ಒಂಟಿಗೈ ಸವಾರನ ಕಣ್ಸಾಕ್ಷಿ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ, ಸದಾ ಗೊಣಗುವ ಒಂದು ಫ್ಯಾನು ಇರುವ ಕ್ಷೌರದಂಗಡಿ. ಅದರ ಯಜಮಾನನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಮತದಾರರ ಪಟ್ಟಿಯಲ್ಲಿ ತಪ್ಪಾಗಿ ಅಚ್ಚಾಗಿ ಅಲ್ಲೇ ಕೊಳೆಯುತ್ತಿದೆ. ಊರಿಗೆಲ್ಲ ಆತ ಕಣ್ಸಾಕ್ಷಿ. ಕೊಲೆಗಿಲೆ ನೋಡಿದವನೇನಲ್ಲ. ನೋಡಿದ್ದು ಒಂದು ಸಿನಿಮಾ.

‘ಒಂಟಿಗೈ ಸವಾರ’ ಎಂಬ ಆ ಮೂಕಿ ಚಿತ್ರವನ್ನು ಅದೇ ಹೆಸರಿನ ಕಾದಂಬರಿಯಿಂದ ತೆಗೆದಿದ್ದರು. ಆ ಕಾಲದಲ್ಲಿ ಕಾದಂಬರಿ ಓದದ ಮನೆಯೇ ಇರಲಿಲ್ಲವಂತೆ. ಓದಲು ಬಾರದವರು ಓದಿಸಿಕೊಂಡು ಕೇಳಿದರಂತೆ. ಮೂರನೆಯ ಅಧ್ಯಾಯದಲ್ಲಿ ಖಳನಾಯಕ ಸವಾರನ ಎಡಗೈ ಕಡಿಯುತ್ತಾನೆ. ಉಳಿದ ನಾನೂರು ಪುಟಗಳಲ್ಲಿ ಸವಾರ ಬಲಗೈಯೊಂದರಲ್ಲೇ ಕತ್ತಿ ಬೀಸಿ, ಹಗ್ಗ ಹತ್ತಿ, ಕುದುರೆ ಓಡಿಸಿ ಸೇಡು ತೀರಿಸಿಕೊಳ್ಳುತ್ತಾನೆ. ಕತ್ತಿ ಬೀಸುವಾಗ ಲಗಾಮು ಯಾವ ಕೈಯಲ್ಲಿತ್ತು ಎಂದು ಯಾರೂ ಕೇಳಬಾರದು, ಅಷ್ಟೆ. ಪುಸ್ತಕ ಈಗಲೂ ಸಿಗುತ್ತದೆ. ಸಿನಿಮಾ ಮಾತ್ರ ಹೇಳಹೆಸರಿಲ್ಲದಂತೆ ಹೋಯಿತು. ಒಂದು ಪ್ರತಿ ಸುಟ್ಟುಹೋಯಿತು, ಇನ್ನೊಂದನ್ನು ಯಾರೋ ಕರಗಿಸಿ ಬಾಚಣಿಗೆ ಮಾಡಿ ಮಾರಿದರು.

ಅದನ್ನು ನೋಡಿ ಇನ್ನೂ ಬದುಕಿರುವವನು ಇವನೊಬ್ಬನೇ. ಒಂಬತ್ತನೆಯ ವಯಸ್ಸಿನಲ್ಲಿ, ಏಳು ದಿನ ಏಳು ಸಲ ನೋಡಿದ್ದ. ಗಿರಾಕಿಯ ಗಲ್ಲಕ್ಕೆ ಸೋಪು ಹಚ್ಚಿ ಆದ ಕೂಡಲೇ ಕಥೆ ಶುರು. ಕ್ಷೌರದ ಕತ್ತಿಗೆ ಕತ್ತು ಕೊಟ್ಟು ಕೂತವನು ಸಾಕಪ್ಪಾ ಎನ್ನುವಂತಿಲ್ಲ.

“ನಮ್ಮಪ್ಪ ಕೋಟು ಹಾಕ್ಕೊಂಡು ಬರ್ತಿದ್ರು. ಕುರ್ಚಿ ಕ್ಲಾಸು. ನನ್ನ ಕಾಲು ನೆಲಕ್ಕೇ ಎಟುಕ್ತಿರ್ಲಿಲ್ಲ. ಆಗ ನೋಡಿ, ಸವಾರ ಕೋಟೆ ಮೇಲೆ ನಿಂತು ಎಡಗೈಲಿ ಕತ್ತಿ ಎತ್ತಿದ!”

“ಎಡಗೈ ಕಡಿದುಹೋಗಿತ್ತಲ್ಲವೇನಯ್ಯಾ?” ಎಂದು ಕಾದಂಬರಿ ಓದಿದವರು ನೊರೆಯೊಳಗಿಂದಲೇ ಕೇಳುತ್ತಿದ್ದರು.

“ಅದು ಪುಸ್ತಕದಲ್ಲಿ. ಸಿನಿಮಾದಲ್ಲಿ ಹೋಗಿದ್ದು ಬಲಗೈ. ನೋಡಿದ್ದು ನಾನೋ ನೀವೋ?”

ಈ ಎಡಗೈಯೇ ಒಬ್ಬ ಸಂಶೋಧಕನ ಬಾಳು ಬೆಳಗಿತು. ಆತ ಊರಿನ ಚಿತ್ರ ಸಂಘದ ಕಾರ್ಯದರ್ಶಿ. ಕಣ್ಣಾರೆ ಕಾಣದ ಸಿನಿಮಾದ ಮೇಲೆ ಆರುನೂರು ಪುಟ ಬರೆದಿದ್ದ; ಕಂಡಿದ್ದರೆ ಅರವತ್ತಕ್ಕೇ ಮುಗಿಯುತ್ತಿತ್ತೇನೋ. ನಿರ್ದೇಶಕ ಕಾದಂಬರಿಕಾರನ ದರ್ಪದ ವಿರುದ್ಧ ದಂಗೆಯೆದ್ದು, ಸವಾರನ ಕೈಯನ್ನು ಬೇಕೆಂದೇ ಬದಲಾಯಿಸಿದ ಎಂಬುದು ಅವನ ಸಿದ್ಧಾಂತ. ಅದಕ್ಕೆ ಆಧಾರ ಕಣ್ಸಾಕ್ಷಿಯೊಬ್ಬನೇ. ಹಾಗಾಗಿ ಸಂಘದವರು ಸಭಾಂಗಣದ ಮೊದಲ ಸಾಲಿನಲ್ಲಿ ಒಂದು ಕುರ್ಚಿಗೆ ಹಿತ್ತಾಳೆ ತಗಡು ಹೊಡೆದು, ‘ಕಣ್ಸಾಕ್ಷಿ’ ಎಂದು ಕೆತ್ತಿಸಿ ಅವನಿಗೆ ಬಿಟ್ಟುಕೊಟ್ಟಿದ್ದರು. ಹಬೆಯಾಡುವ ಟವೆಲುಗಳ ನಡುವೆಯೇ ಸವೆದ ಬಾಳಿನಲ್ಲಿ ಅವನಿಗೆ ಸಿಕ್ಕ ಒಂದೇ ಒಂದು ಮರ್ಯಾದೆ ಆ ಕುರ್ಚಿ. ಅಂಗಡಿಗೆ ರಜವಿದ್ದ ದಿನ ಸುಮ್ಮನೆ ಹೋಗಿ ಅದರ ತಗಡು ಉಜ್ಜಿ ಬರುತ್ತಿದ್ದ.

ಹೆಂಡತಿಗೆ ಮಾತ್ರ ಈ ಕಥೆಯ ಮೇಲೆ ಅಷ್ಟಕ್ಕಷ್ಟೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಟವೆಲು ಕುದಿಸುತ್ತಾ ಅಲ್ಲಿಂದಲೇ ಚುಚ್ಚುತ್ತಿದ್ದಳು. “ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಮಾವನೋರಿಗೆ ಇದ್ದದ್ದು ಎರಡು ಬನೀನು. ಆ ಕೋಟನ್ನ ಯಾವ ಇಲಿ ತಿಂತೋ!” ಅವಳಿಗೆ ಇನ್ನೊಂದು ವಿಚಿತ್ರವೂ ಕಂಡಿತ್ತು. ಗಿರಾಕಿ ಬಿಚ್ಚಿಟ್ಟುಕೊಂಡ ಪೇಪರನ್ನು ಗಂಡ ಕನ್ನಡಿಯಲ್ಲಿ ನೋಡಿಯೇ ಸಲೀಸಾಗಿ ಓದುತ್ತಿದ್ದ. ತಿರುಗುಮುರುಗಾದ ಅಕ್ಷರ ಅವನಿಗೆ ನೀರು ಕುಡಿದಷ್ಟು ಸುಲಭ. ಎಲ್ಲಿ ಕಲಿತಿರಿ ಎಂದರೆ, “ಕಸುಬು ಕಣೇ,” ಎಂದು ಮಾತು ಹಾರಿಸುತ್ತಿದ್ದ.

ಹೀಗೆ ಎಲ್ಲ ಸುಖವಾಗಿದ್ದಾಗ ಹಳೇ ಟಾಕೀಸಿನ ಕಟ್ಟಡ ಕೆಡವಿದರು. ಗೋಡೆಯ ಗೂಡಿನಲ್ಲಿ ತುಕ್ಕು ಹಿಡಿದ ಡಬ್ಬಿ ಸಿಕ್ಕಿತು. ಅದರೊಳಗೆ ಸವಾರನ ಒಂದು ಫೋಟೋ, ಮೂರೇ ನಿಮಿಷದ ಒಂದು ಫಿಲ್ಮಿನ ಚೂರು.

ಫೋಟೋದ ಒಂದು ಪ್ರತಿ ಹಿಡಿದು ಮೊದಲು ಅಂಗಡಿಗೆ ಓಡಿಬಂದವರು ನಿವೃತ್ತ ಹೆಡ್‌ಮಾಸ್ತರರು. ಕಾದಂಬರಿ ಅವರಿಗೆ ಬಾಯಿಪಾಠ. ಸವಾರನ ಕೈ ಬದಲಾಯಿಸಿದ್ದನ್ನು ಕೇಳಿದಾಗಿನಿಂದ ಅವರಿಗೆ ನಿದ್ದೆ ಸರಿಯಾಗಿ ಬಂದಿರಲಿಲ್ಲ. ಕುರ್ಚಿಯಲ್ಲಿ ಕೂತವರೇ, ಸೋಪು ಹಚ್ಚುವುದಕ್ಕೂ ಬಿಡದೆ ಫೋಟೋ ಕೈಗೆ ಕೊಟ್ಟರು.

“ಕತ್ತಿ ಯಾವ ಕೈಲಿದೆ ಹೇಳು.”

ಬಲಗೈಯಲ್ಲಿತ್ತು. ಎಡತೋಳು ಮೊಳಕೈವರೆಗೆ ಮಾತ್ರ.

“ನಿಮ್ಮ ಸಂಶೋಧಕ ಏನಂದ ಗೊತ್ತಾ? ಫೋಟೋ ತಿರುಗುಮುರುಗು ಅಚ್ಚಾಗಿದೆ ಅಂದ. ಸವಾರನ ಹಿಂದೆ ನೋಡು, ಸಾವಿರ ವರ್ಷದ ಕೋಟೆ ಪಕ್ಕ ಸೋಡಾ ಅಂಗಡಿ ಬೋರ್ಡು! ಮರೆಮಾಡೋಕೆ ಮರೆತಿದ್ದಾರೆ ಬುದ್ಧಿವಂತರು. ಅಕ್ಷರ ನೆಟ್ಟಗಿದೆ. ಅಲ್ಲಿಗೆ ಬಾಯಿ ಮುಚ್ಚಿದ.” ಮಾಸ್ತರರು ದನಿ ತಗ್ಗಿಸಿದರು. “ನೀನು ಆ ಸಿನಿಮಾ ನೋಡೇ ಇಲ್ಲ ಕಣಯ್ಯಾ. ಭಾನುವಾರ ಸಂಜೆ ಆ ಮೂರು ನಿಮಿಷ ತೋರಿಸ್ತಾರೆ. ನೀನಾಗೇ ಎದ್ದು ಒಪ್ಕೊಂಡ್ರೆ ಸರಿ. ಇಲ್ಲಾಂದ್ರೆ ನಾನೇ ಹೇಳ್ತೀನಿ, ಕುರ್ಚಿ ಖಾಲಿ ಮಾಡಿಸ್ತೀನಿ.”

ಕಣ್ಸಾಕ್ಷಿ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ನೋಡಿದ್ದಂತೂ ಸತ್ಯ. ಎಡಗೈ ಎಂಬುದೂ ಸತ್ಯ. ಆ ಕತ್ತಿ ಎದ್ದ ಕ್ಷಣ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಫೋಟೋ ಹಿಡಿದ ಕೈಯನ್ನು ನಿರಾಸೆಯಿಂದ ಕೆಳಗಿಳಿಸುವಾಗ ಅದು ಕನ್ನಡಿಯತ್ತ ತಿರುಗಿತು, ರೂಢಿಯಂತೆ ಕಣ್ಣೂ ಅಲ್ಲಿಗೇ ಹೋಯಿತು. ಕನ್ನಡಿಯೊಳಗೆ ಸವಾರ ನಿಂತಿದ್ದ. ಕತ್ತಿ ಎಡಗೈಯಲ್ಲಿ, ಮೊಂಡು ತೋಳು ಬಲಗಡೆ, ಎಲ್ಲ ಎಪ್ಪತ್ತು ವರ್ಷಗಳ ಹಿಂದೆ ಕಂಡಂತೆಯೇ.

ಅಂದು ಮಾಸ್ತರರ ಗಲ್ಲದಲ್ಲಿ ಎರಡು ಕಡೆ ಗಾಯವಾಯಿತು.

ಸಂಜೆ ಅಂಗಡಿ ಬಾಗಿಲು ಎಳೆದು ಹೆಂಡತಿಯೆದುರು ಕೂತು ಬಾಯಿಬಿಟ್ಟ. ಆ ಕಾಲದ ಡೇರೆ ಟಾಕೀಸಿನಲ್ಲಿ ಪರದೆಯೆಂದರೆ ನಡುವೆ ಕಟ್ಟಿದ ಬಟ್ಟೆ. ಕಾಸುಳ್ಳವರು ಮುಂದೆ ಕುರ್ಚಿಯಲ್ಲಿ, ಇಲ್ಲದವರು ಪರದೆಯ ಹಿಂದೆ ನೆಲದ ಮೇಲೆ. ಬಟ್ಟೆ ಒದ್ದೆಯಾಗಿದ್ದರೆ ಮಾತ್ರ ಚಿತ್ರ ಹಿಂದಕ್ಕೂ ಮೂಡುತ್ತಿತ್ತು. ಅದಕ್ಕೆ ರೀಲು ರೀಲಿಗೂ ಬಕೆಟ್ಟಿನಲ್ಲಿ ನೀರು ಹೊಡೆಯಲು ಒಬ್ಬ ಆಳು. ಆ ಆಳು ಅವನ ಅಪ್ಪ. ಮಗನಿಗೆ ಹಿಂದೆ ಪುಕ್ಕಟೆ ಜಾಗ. ಪರದೆಯ ಮೇಲೆ ಬರುವ ಬರಹಗಳನ್ನು ಅಲ್ಲಿಂದ ನೋಡಿ ನೋಡಿಯೇ ಅವನು ಅಕ್ಷರಗಳನ್ನು ತಿರುಗಿಸಿ ಓದಲು ಕಲಿತದ್ದು.

“ಅಲ್ಲಿಂದ ನೋಡಿದ್ರೆ ಬಲಗೈ ಎಡಗೈ ಆಗೋದೇ. ಊರಿಗೆಲ್ಲ ಕನ್ನಡಿ ತೋರಿಸೋನಿಗೆ ಇಷ್ಟು ದಿನ ಇದು ಹೊಳೀಲೇ ಇಲ್ಲ ನೋಡು.”

“ಅಷ್ಟೇ ತಾನೆ? ಹಾಗಂತ ಹೇಳಿ ಬನ್ನಿ. ಗೆದ್ರಿ.”

“ಅಷ್ಟೇ ಅಲ್ವೇ.” ಅವನು ಸ್ವಲ್ಪ ಹೊತ್ತು ಟವೆಲು ಮಡಿಸಿದ. “ಕೊನೇ ದಿನ ಅಪ್ಪ ಹೊಡೆದ ನೀರು ಮುಂದಿನ ಸಾಲಿನ ಯಾರೋ ದೊಡ್ಡಮನುಷ್ಯನ ಕೋಟಿಗೆ ಸಿಡೀತು. ಅವನು ಎದ್ದು ಬಂದು ಎಲ್ಲರ ಮುಂದೆ ಅಪ್ಪನ ಕೆನ್ನೆಗೆ ಬಾರಿಸಿದ. ಮೆಷಿನ್ನಿನ ಬೆಳಕು ಅವರಿಬ್ಬರ ಮೇಲೆ ಬಿದ್ದಿತ್ತು. ನಾನು ಹಿಂದೆ ಕೂತು ಪರದೆ ಮೇಲೆ ಎರಡೂ ನೆರಳು ನೋಡ್ದೆ. ಮಾರನೇ ದಿನ ಶಾಲೇಲಿ ಹುಡುಗರು ಕೇಳಿದ್ರು, ಅಲ್ಲಿದ್ದೋನು ನಿಮ್ಮಪ್ಪನೇನೋ ಅಂತ. ಹೌದು, ಕೋಟು ಹಾಕ್ಕೊಂಡಿದ್ರಲ್ಲ, ಅವ್ರೇ ನಮ್ಮಪ್ಪ ಅಂದೆ.”

ಹೆಂಡತಿ ಒಲೆ ಆರಿಸಿದಳು. “ಹೊಡೆದೋನು ಅಪ್ಪ ಆದ. ಹೊಡೆಸಿಕೊಂಡೋರ್ನ ಯಾರು ಅಂದ್ರಿ?”

“ಯಾರೋ ಅಂದೆ.”

ಅದಾದ ಮೇಲೆ ಆ ಸುಳ್ಳು ಅವನ ಜೊತೆಯಲ್ಲೇ ಬೆಳೆದು, ಮದುವೆಯಾಗಿ, ಅಂಗಡಿ ಹಾಕಿ, ಹಿತ್ತಾಳೆ ತಗಡಿನ ಕುರ್ಚಿಯಲ್ಲೂ ಕೂತಿತ್ತು. ಈಗ ಎಡಗೈ ಉಳಿಯಬೇಕಾದರೆ ಕೋಟು ಹೋಗಬೇಕು. ಕೋಟು ಉಳಿಸಿಕೊಂಡರೆ ನೋಡಿದ್ದೇ ಸುಳ್ಳಾಗುತ್ತದೆ. ಅಂಗಡಿ ಎರಡು ದಿನ ತೆರೆಯಲಿಲ್ಲ. ಊರಿನ ಗಡ್ಡಗಳು ಬೆಳೆದವು.

ಭಾನುವಾರ ಸಭಾಂಗಣ ಕಿಕ್ಕಿರಿದಿತ್ತು. ಹಳೆಯ ಕಾಲದ ಕಳೆ ಬರಲೆಂದು ಸಂಘದವರು ಬಿಳಿ ಬಟ್ಟೆಯದೇ ಪರದೆ ಕಟ್ಟಿದ್ದರು. ಮೊದಲ ಸಾಲಿನಲ್ಲಿ ಸಂಘದ ಅಧ್ಯಕ್ಷರು ಹೊಸ ಕೋಟಿನಲ್ಲಿ ಆಗಲೇ ತೂಕಡಿಸುತ್ತಿದ್ದರು. ಅವರ ಭಾಷಣಕ್ಕೆ ಅವರೇ ತೂಕಡಿಸುವುದು ವಾಡಿಕೆ, ಇಂದು ಸ್ವಲ್ಪ ಬೇಗ ಶುರುಮಾಡಿದ್ದರು. ಪಕ್ಕದಲ್ಲಿ ಬಿಳಚಿಕೊಂಡ ಸಂಶೋಧಕ, ಅವನ ಪಕ್ಕ ಗಲ್ಲಕ್ಕೆ ಪಟ್ಟಿ ಅಂಟಿಸಿಕೊಂಡ ಮಾಸ್ತರರು. ತಗಡಿನ ಕುರ್ಚಿ ಖಾಲಿ.

ಕಣ್ಸಾಕ್ಷಿ ಬಂದ. ಬನೀನು ಹಾಕಿದ್ದ, ಕೈಯಲ್ಲಿ ಟವೆಲು ಕುದಿಸುವ ಬಕೆಟ್ಟು. ಹಿಂದೆಯೇ ಇನ್ನೊಂದು ಬಕೆಟ್ಟು ಹೊತ್ತು ಹೆಂಡತಿ. ಸೀದಾ ಪರದೆಯ ಮುಂದೆ ನಿಂತ.

“ನಾನು ಕುರ್ಚೀಲಿ ಕೂತು ನೋಡ್ಲಿಲ್ಲ. ಪರದೆ ಹಿಂದೆ ನೆಲದ ಮೇಲೆ ಕೂತು ನೋಡ್ದೆ. ನಮ್ಮಪ್ಪ ಕೋಟು ಹಾಕ್ಕೊಂಡಿರ್ಲಿಲ್ಲ. ಕೋಟು ಹಾಕ್ಕೊಂಡಿದ್ದೋನು ನಮ್ಮಪ್ಪನಿಗೆ ಹೊಡೆದ. ಇಷ್ಟು ವರ್ಷ ಹೊಡೆದೋನ್ನೇ ಅಪ್ಪ ಅಂತ ಹೇಳ್ಕೊಂಡು ತಿರುಗಿದೆ. ಎಡಗೈ ನಿಜವೋ ಸುಳ್ಳೋ, ಹಿಂದೆ ಬಂದು ನೋಡಿ.”

ಬಕೆಟ್ಟೆತ್ತಿ, ಅಪ್ಪ ಹೊಡೆಯುತ್ತಿದ್ದಂತೆ ಸೊಂಟ ತಿರುಗಿಸಿ, ಪರದೆಯ ಮೇಲಿನಂಚಿನಿಂದ ಕೆಳಗೆ ನೀರು ಬೀಸಿದ. ಎರಡನೆಯ ಬಕೆಟ್ಟೂ ಆಯಿತು. ಆಮೇಲೆ ಗಂಡ ಹೆಂಡತಿ ಹಿಂದೆ ಹೋಗಿ ನೆಲದ ಮೇಲೆ ಕೂತರು.

ದೀಪ ಆರಿತು. ಮೂರು ನಿಮಿಷದ ಸವಾರ ಬಂದ, ಕುದುರೆಯಿಂದ ಹಾರಿದ, ಕೋಟೆ ಹತ್ತಿದ. “ಬಲಗೈ!” ಎಂದು ಕೂಗಿದ ಮಾಸ್ತರರು ತಡೆಯಲಾರದೆ ಎದ್ದು, ಪಂಚೆ ಎತ್ತಿಕೊಂಡು ಪರದೆಯ ಹಿಂದಕ್ಕೆ ಓಡಿದರು. ಅಲ್ಲೇ ನೆಲದ ಮೇಲೆ ಕುಕ್ಕರಿಸಿಬಿಟ್ಟರು. ಸಂಶೋಧಕನಿಗೆ ಮುಖದಲ್ಲಿ ರಕ್ತ ವಾಪಸು ಬಂದಿತ್ತು. ಕತ್ತಲಲ್ಲೇ ನೋಟ್‌ಬುಕ್ ತೆಗೆದು ಎರಡನೆಯ ಸಂಪುಟದ ಹೆಸರು ಬರೆದುಕೊಳ್ಳುತ್ತಿದ್ದ.

ಹಿಂದೆ, ಒದ್ದೆ ಬಟ್ಟೆಯ ಮೇಲೆ ಸವಾರ ಎಡಗೈಯಲ್ಲಿ ಕತ್ತಿ ಎತ್ತಿದ. “ಎಡಗೈಯೇ ಕಣ್ರೀ,” ಎಂದಳು ಹೆಂಡತಿ. ಅವನಿಗೆ ಸವಾರ ಸರಿಯಾಗಿ ಕಾಣುತ್ತಿರಲಿಲ್ಲ, ಕಣ್ಣು ತುಂಬಿಕೊಂಡಿತ್ತು.

ಅಷ್ಟರಲ್ಲಿ ಮುಂದೆ ಅಧ್ಯಕ್ಷರಿಗೆ ಎಚ್ಚರವಾಯಿತು. ಎದೆ ಮುಟ್ಟಿ ನೋಡಿಕೊಂಡರು, ಹೊಸ ಕೋಟು ತೊಪ್ಪೆಯಾಗಿತ್ತು. ಎದ್ದು ನಿಂತು ಸಭಾಂಗಣ ನಡುಗುವಂತೆ ಗದರಿದರು.

“ಯಾವನವನು ನೀರು ಹೊಡೆದೋನು?”

ಪರದೆಯ ಹಿಂದಿನಿಂದ ಅಷ್ಟೇ ಗಟ್ಟಿಯಾಗಿ ಉತ್ತರ ಬಂತು.

“ನೀರು ಹೊಡೆಯೋನ ಮಗ!”